ಹಳೆಯ ಸ್ಕ್ಯಾಂಡಿನೇವಿಯನ್ ಹಿತ್ತಾಳೆ ತೂಗುದೀಪ: ಗುರುತಿಸುವುದು, ವೈರ್ ಬದಲಿಸುವುದು, ತೂಗುಹಾಕುವುದು

ಹಳೆಯ ಹಿತ್ತಾಳೆಯ ತೂಗುದೀಪ ಕೈಗೆ ಬಂದ ಕೂಡಲೇ ಪಾಲಿಶ್ ಡಬ್ಬಿಗೆ ಕೈಹಾಕುವವರೇ ಹೆಚ್ಚು. ಆ ಆತುರ ಬೇಡ. ಐವತ್ತು-ಅರವತ್ತು ವರ್ಷ ಬಲ್ಬಿನ ಕಾವಿನಲ್ಲಿ ಬೆಂದ ವೈರು ಒಳಗೇ ಇರುವಾಗ ಹೊರಗಿನ ಹೊಳಪು ಯಾವ ಉಪಯೋಗಕ್ಕೂ ಬಾರದು. ಮೇಲಾಗಿ ತಯಾರಕರ ಮುದ್ರೆ, ಮೂಲ ಲ್ಯಾಕರ್ (ಲೋಹದ ಮೇಲಿನ ಪಾರದರ್ಶಕ ರಕ್ಷಣಾ ಪದರ), ಲೋಹ ತಾನಾಗಿ ಪಡೆದ ಬಣ್ಣ ಇವೆಲ್ಲ ಒಮ್ಮೆ ಉಜ್ಜಿಹೋದರೆ ವಾಪಸು ಬರುವುದಿಲ್ಲ. ವೈರು, ಹೋಲ್ಡರು, ಅರ್ಥಿಂಗ್ ಪೂರ್ತಿ ಹೊಸದು ಮಾಡಿ. ಹಿತ್ತಾಳೆಗೆ ಮಾತ್ರ ಎಷ್ಟು ಕಡಿಮೆ ಕೈಹಚ್ಚಲು ಸಾಧ್ಯವೋ ಅಷ್ಟೇ ಹಚ್ಚಿ. ಮುಂದಿನ ಹಂತಗಳು ಈ ಆದ್ಯತೆಯಲ್ಲೇ ಇವೆ; ತೊಳೆದು ಶುಚಿಮಾಡುವ ಕೆಲಸ ಮಾತ್ರ ಹೊಸ ವೈರ್ ಹಾಕುವ ಮೊದಲೇ ಮುಗಿಯಬೇಕು.

ಮೊದಲು ದೀಪ ಯಾವುದೆಂದು ತಿಳಿಯಿರಿ

ಸಾಮಾನ್ಯವಾಗಿ ಸಿಗುವ ದೀಪಗಳು 1930ರಿಂದ 1970ರ ದಶಕದವರೆಗಿನವು. ಫಿನ್ಲೆಂಡಿನ ಪಾವೊ ಟುನೆಲ್ ರೂಪಿಸಿದ ದೀಪಗಳಲ್ಲಿ ಹಿತ್ತಾಳೆ ತಗಡಿಗೆ ಸಣ್ಣ ಸಣ್ಣ ತೂತು ಹೊಡೆದ ಶೇಡ್‌ಗಳು ಹೆಸರುವಾಸಿ. ಅವುಗಳನ್ನು ತಯಾರಿಸಿದ್ದು ಹೆಲ್ಸಿಂಕಿಯಲ್ಲಿ 1918ರಲ್ಲಿ ಆರಂಭವಾದ ಟೈಟೊ ಕಂಪನಿ; 1953ರಲ್ಲಿ ಅದು ಇಡ್ಮನ್ ಕಂಪನಿಯ ಕೈಗೆ ಹೋಯಿತು. ಹಾಗಾಗಿ ‘ಟೈಟೊ’ ಮುದ್ರೆ ಇದ್ದರೆ ಒಂದು ಕಾಲ, ‘ಇಡ್ಮನ್’ ಮುದ್ರೆ ಇದ್ದರೆ ಅದರ ನಂತರದ ಕಾಲ ಎಂದು ಅಂದಾಜು ಕಟ್ಟಬಹುದು. ಸ್ವೀಡನ್ನಿನ ಹಾನ್ಸ್-ಆಗ್ನೆ ಯಾಕೋಬ್ಸನ್ 1951ರಲ್ಲಿ ಸ್ವಂತ ಕಂಪನಿ ಕಟ್ಟಿದವರು. ಅವರ ಮಾರ್ಕರಿಡ್ ಕಾರ್ಖಾನೆಯ ದೀಪಗಳಿಗೆ ಲೋಹದ ಮುದ್ರೆಗಿಂತ ಕಾಗದದ ಚೀಟಿಯೇ ಹೆಚ್ಚು. ಅದರಲ್ಲಿ ಕಂಪನಿಯ ಹೆಸರು, ಊರು, ‘ಟಿ’ ಅಕ್ಷರದಿಂದ ಶುರುವಾಗುವ ಮಾದರಿ ಸಂಖ್ಯೆ ಇರುತ್ತವೆ. ಡೆನ್ಮಾರ್ಕಿನಲ್ಲಿ ಲೂಯಿಸ್ ಪೌಲ್ಸೆನ್, ಲೀಫಾ, ಫೋಗ್ ಆಂಡ್ ಮೋರುಪ್ ದೊಡ್ಡ ಹೆಸರುಗಳು. ಪೌಲ್ ಹೆನ್ನಿಂಗ್ಸೆನ್ ರೂಪಿಸಿದ ಹಳೆಯ ಪಿಎಚ್ ದೀಪಗಳಲ್ಲಿ ಹೋಲ್ಡರಿನ ಕವಚದ ಮೇಲೆ ‘ಪೇಟೆಂಟೆಡ್’ ಅಥವಾ ಅದರ ಹಿಂದಿನ ‘ಪೇಟೆಂಟ್ ಅರ್ಜಿ’ ಮುದ್ರೆ ಕಾಣುತ್ತದೆ. ಆಲ್ವಾರ್ ಆಲ್ಟೊ 1937ರಲ್ಲಿ ಹೆಲ್ಸಿಂಕಿಯ ಸವೊಯ್ ರೆಸ್ಟೋರೆಂಟಿಗೆಂದು ರೂಪಿಸಿದ ಗಂಟೆಯಾಕಾರದ ಹಿತ್ತಾಳೆ ದೀಪವೂ ಇದೇ ಸಾಲಿನದು.

ಮುದ್ರೆ ಹುಡುಕಬೇಕಾದ ಜಾಗ ಸೀಲಿಂಗ್ ಕಪ್ಪಿನ (ಸೀಲಿಂಗಿನಲ್ಲಿ ವೈರ್ ಜೋಡಣೆ ಮುಚ್ಚುವ ಬಟ್ಟಲು) ಒಳಭಾಗ, ಶೇಡಿನ ಒಳಗಿನ ಮೇಲಂಚು, ಹೋಲ್ಡರಿನ ಕವಚ. ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರಗಳೂ ಏಳುತ್ತವೆ. ಚೀಟಿ ಕಂಡರೆ ಅದಕ್ಕೆ ನೀರು, ಅಸಿಟೋನ್ ಎರಡೂ ಸೋಕದಂತೆ ನೋಡಿಕೊಳ್ಳಿ. ಇದರ ಜತೆಗೆ ಸುರಕ್ಷತಾ ಪರೀಕ್ಷೆಯ ಗುರುತುಗಳೂ ಸಿಗಬಹುದು: ವೃತ್ತದೊಳಗೆ ‘ಎಸ್’ ಇದ್ದರೆ ಸ್ವೀಡನ್ನಿನ ಸೆಮ್ಕೊ, ‘ಡಿ’ ಇದ್ದರೆ ಡೆನ್ಮಾರ್ಕಿನ ಡೆಮ್ಕೊ, ‘ಎನ್’ ಇದ್ದರೆ ನಾರ್ವೆಯ ನೆಮ್ಕೊ, ‘ಎಫ್‌ಐ’ ಇದ್ದರೆ ಫಿನ್ಲೆಂಡಿನ ಫಿಮ್ಕೊ. ಈ ಗುರುತು ಹೆಚ್ಚಾಗಿ ಹೋಲ್ಡರಿನ ಮೇಲಿರುವುದರಿಂದ ಅದು ಹೋಲ್ಡರಿಗೆ ಸಂಬಂಧಿಸಿದ್ದೇ ಹೊರತು ಇಡೀ ದೀಪಕ್ಕೆ ಕೊಟ್ಟ ಪ್ರಮಾಣವಲ್ಲ. ಹೋಲ್ಡರನ್ನು ಯಾವಾಗ ಬೇಕಾದರೂ ಯಾರೋ ಬದಲಿಸಿರಬಹುದು.

ನಕಲು ದೀಪಗಳೂ ಸಾಕಷ್ಟಿವೆ. ಅಸಲಿ ದೀಪವನ್ನು ಬಿಚ್ಚಿದಾಗ ಎರಡು ಭಾಗ ಒಂದರೊಳಗೊಂದು ಕೂರುವ ಜಾಗ, ನಟ್ಟಿನ ಕೆಳಗಿನ ಉಂಗುರದಷ್ಟು ಜಾಗ ಹೊಸ ಹಿತ್ತಾಳೆಯಂತೆ ತಿಳಿ ಹಳದಿಯಾಗಿ ಉಳಿದಿರುತ್ತದೆ. ಗಾಳಿ ಆಡದ ಕಡೆ ಬಣ್ಣ ಕಟ್ಟುವುದಿಲ್ಲ. ರಾಸಾಯನಿಕ ಹಾಕಿ ಹಳೆಯದರಂತೆ ಮಾಡಿದ ದೀಪದಲ್ಲಿ ಆ ಮರೆಯ ಜಾಗವೂ ಹೊರಗಿನಷ್ಟೇ ಕಂದು. 1940ರ ದಶಕದ ದೀಪ ಎಂದು ಹೇಳುವಾಗ ತಲೆಯಲ್ಲಿ ಕೂಡು ಗುರುತಿನ (+) ತೂತಿರುವ ಸ್ಕ್ರೂಗಳು ಕಂಡರೆ ಅನುಮಾನಿಸಿ. ಆಗ ಬಳಸುತ್ತಿದ್ದುದು ಒಂದೇ ಗೆರೆಯ ಸ್ಕ್ರೂ.

ಹಿತ್ತಾಳೆಯೋ, ಹಿತ್ತಾಳೆ ಬಣ್ಣವೋ

ಇದನ್ನು ತಪ್ಪಾಗಿ ತಿಳಿದರೆ ಮುಂದಿನ ಶುಚಿ ಕೆಲಸದಲ್ಲಿ ದೀಪವೇ ಹಾಳಾಗುತ್ತದೆ. ಅಯಸ್ಕಾಂತ ಅಂಟಿದರೆ ಒಳಗಿರುವುದು ಉಕ್ಕು, ಮೇಲಿರುವುದು ತೆಳು ಹಿತ್ತಾಳೆ ಲೇಪ. ಅದನ್ನು ಪಾಲಿಶ್ ಮಾಡಿದರೆ ಅಂಚುಗಳಲ್ಲಿ ಬೂದುಬಣ್ಣ ಎದ್ದುಬರುತ್ತದೆ. ಅಂಟದಿದ್ದರೂ ನಿಶ್ಚಿಂತೆ ಬೇಡ. 1960-70ರ ದಶಕಗಳಲ್ಲಿ ಚಿನ್ನದ ಬಣ್ಣದ ಆನೋಡೈಸ್ಡ್ (ವಿದ್ಯುತ್ತಿನಿಂದ ಆಕ್ಸೈಡ್ ಪದರ ಕಟ್ಟಿಸಿ ಬಣ್ಣ ಕೊಟ್ಟ) ಅಲ್ಯುಮಿನಿಯಂ ಶೇಡ್‌ಗಳು ಬಹಳ ಬಂದವು, ಅವುಗಳಿಗೂ ಅಯಸ್ಕಾಂತ ಅಂಟದು. ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ: ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಅಲ್ಯುಮಿನಿಯಂನದು 2.7. ಆನೋಡೈಸ್ಡ್ ಪದರ ಅರಿಶಿನ-ಕಿತ್ತಳೆಯ ಕಡೆಗೆ ವಾಲಿದ ಸಮ ಬಣ್ಣ, ಎಲ್ಲಿಯೂ ಹಸಿರು ಕಿಲುಬು ಇರುವುದಿಲ್ಲ. ಅದಕ್ಕೆ ಕ್ಷಾರದ ಕ್ಲೀನರ್ ತಾಗಿದರೆ ಬಣ್ಣದ ಪದರವೇ ಕರಗುತ್ತದೆ, ಸರಿಮಾಡಲು ದಾರಿಯಿಲ್ಲ. ಅಂಥ ಶೇಡಿಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬಟ್ಟೆ. ಅಷ್ಟಕ್ಕೇ ನಿಲ್ಲಿಸಿ.

ಹಿತ್ತಾಳೆಯೇ ಆಗಿದ್ದರೆ ಮುಂದಿನ ಪ್ರಶ್ನೆ ಲ್ಯಾಕರ್ ಇದೆಯೇ ಎಂಬುದು. ಕಾಣದ ಜಾಗದಲ್ಲಿ ಬಿಳಿ ಬಟ್ಟೆಯ ತುದಿಗೆ ಚೂರು ಪಾಲಿಶ್ ಹಚ್ಚಿ ನಾಲ್ಕು ಸಲ ಉಜ್ಜಿ. ಬಟ್ಟೆ ಕೂಡಲೇ ಕಪ್ಪಾದರೆ ಬರಿ ಲೋಹ. ಬಿಳಿಯಾಗಿಯೇ ಉಳಿದರೆ ಲ್ಯಾಕರ್ ಇದೆ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಒತ್ತದೆ ಮೆಲ್ಲಗೆ ಇಟ್ಟು ನೋಡುವುದು ಇನ್ನೂ ಚೊಕ್ಕ: ಬರಿ ಲೋಹವಾದರೆ ಬೀಪ್ ಬರುತ್ತದೆ, ಲ್ಯಾಕರ್ ಇದ್ದರೆ ಬರುವುದಿಲ್ಲ.

ಬಿಚ್ಚುವಾಗ

ಕರೆಂಟು ಕೊಟ್ಟು ‘ಉರಿಯುತ್ತದೆಯೇ’ ಎಂದು ನೋಡುವ ಆಸೆಗೆ ಬೀಳಬೇಡಿ. ಹಳೆಯ ವೈರಿನ ರಬ್ಬರ್ ಒಣಗಿ ಸುಣ್ಣದಂತೆ ಪುಡಿಯಾಗಿರುತ್ತದೆ. ಅಲುಗಾಡದೆ ನೇತಾಡುತ್ತಿದ್ದಾಗ ತಡೆದುಕೊಂಡಿದ್ದದ್ದು, ಸಾಗಣೆಯಲ್ಲಿ ಅಲುಗಾಡಿದ ಮೇಲೆ ತಾಮ್ರ ನೇರವಾಗಿ ಹಿತ್ತಾಳೆಗೆ ತಾಗುವ ಸ್ಥಿತಿಗೆ ಬಂದಿರುತ್ತದೆ. ಮೇಲಿನ ಬಟ್ಟೆಯ ಹೊದಿಕೆ ಚೆನ್ನಾಗಿ ಕಂಡರೆ ಮೋಸಹೋಗಬೇಡಿ, ಹೋಲ್ಡರಿನ ಹತ್ತಿರ ಎರಡು ಸೆಂಟಿಮೀಟರ್ ಸರಿಸಿ ಒಳಗನ್ನು ನೋಡಿ.

ಪ್ರತಿ ಹಂತದಲ್ಲೂ ಫೋಟೊ ತೆಗೆದುಕೊಳ್ಳಿ. ವಾಷರ್‌ಗಳ ಕ್ರಮ ಮುಖ್ಯ. ಬಿಚ್ಚಿದ ಕ್ರಮದಲ್ಲೇ ಒಂದು ದಾರಕ್ಕೆ ಪೋಣಿಸಿಟ್ಟರೆ ಗೊಂದಲವಿರದು. ಬಿಗಿದು ಕೂತ ಥ್ರೆಡ್‌ಗೆ ಪೆನಿಟ್ರೇಟಿಂಗ್ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ, ಆಮೇಲೆ ಎರಡೂ ಕಡೆ ಚರ್ಮದ ತುಂಡು ಸುತ್ತಿ ಪಾನಾ ಹಾಕಿ. ಬೆಂಕಿ ಕಾಯಿಸಿ ಬಿಡಿಸುವ ಯೋಚನೆ ಬೇಡವೇ ಬೇಡ: ಈ ದೀಪಗಳ ಕೊಳವೆಗಳನ್ನು ಹಲವೆಡೆ ತವರ-ಸೀಸದ ಬೆಸುಗೆಯಿಂದ ಕೂಡಿಸಿರುತ್ತಾರೆ, ಅದು 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಹೋಲ್ಡರಿನ ಸುತ್ತ ಬಿಳಿಯ ನಾರುನಾರಾದ ಪಟ್ಟಿ ಅಥವಾ ಕೊಳವೆ ಕಂಡರೆ ಅದು ಕಲ್ನಾರು ಇರಬಹುದು. ಅದನ್ನು ಕೀಳದೆ, ಉಜ್ಜದೆ, ಚೀಲದಲ್ಲಿ ಮುಚ್ಚಿಟ್ಟು ತಿಳಿದವರ ಕೈಗೆ ಕೊಡಿ.

ಥ್ರೆಡ್ ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಯುರೋಪಿನ ದೀಪಗಳ ಸಾಮಾನ್ಯ ಥ್ರೆಡ್ ಎಂ10×1, ಅಂದರೆ ಹೊರವ್ಯಾಸ 10 ಮಿಮೀ, ಒಂದೊಂದು ಸುತ್ತಿನ ಅಂತರ 1 ಮಿಮೀ. ಅಮೆರಿಕದ ದೀಪಗಳ ಬಿಡಿಭಾಗಗಳು ಎಂಟನೇ ಒಂದು ಇಂಚಿನ ಪೈಪ್ ಥ್ರೆಡ್‌ನವು, ವ್ಯಾಸ 10.3 ಮಿಮೀ ಆಸುಪಾಸು, ಇಂಚಿಗೆ 27 ಸುತ್ತು. ಎರಡೂ ಕಣ್ಣಿಗೆ ಒಂದೇ. ಒಂದೂವರೆ-ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಜೋರು ಮಾಡಿದರೆ ಮೂಲ ದೀಪದ ಮೆತ್ತನೆಯ ಹಿತ್ತಾಳೆ ಥ್ರೆಡ್ಡೇ ಕಿತ್ತುಹೋಗುತ್ತದೆ. ಬಿಡಿಭಾಗ ಕೊಳ್ಳುವ ಮೊದಲು ಕ್ಯಾಲಿಪರ್‌ನಿಂದ ಅಳೆಯಿರಿ. ಕೆಲವು ದೊಡ್ಡ ಕೊಳವೆಗಳಲ್ಲಿ ಎಂ13×1 ಕೂಡ ಸಿಗುತ್ತದೆ.

ಹೊಸ ವೈರಿಂಗ್

ಒಂದೇ ಬಲ್ಬಿನ ತೂಗುದೀಪಕ್ಕೆ ಬೇಕಾದದ್ದು ಇಷ್ಟು: 3×0.75 ಚದರ ಮಿಮೀ ಬಟ್ಟೆಹೊದಿಕೆಯ ಫ್ಲೆಕ್ಸಿಬಲ್ ಕೇಬಲ್ (ತೂಗುವ ಉದ್ದಕ್ಕೆ 30 ಸೆಂಮೀ ಸೇರಿಸಿ), ಒಳಗೆ ಪಿಂಗಾಣಿ ಇರುವ ಹಾಗೂ ಅರ್ಥ್ ಟರ್ಮಿನಲ್ ಇರುವ ಲೋಹದ ಇ27 (27 ಮಿಮೀ ತಿರುಪಿನ) ಅಥವಾ ಇ14 (14 ಮಿಮೀ) ಹೋಲ್ಡರ್, ಎಂ10×1 ಥ್ರೆಡ್ಡಿನ ಕಾರ್ಡ್ ಗ್ರಿಪ್ (ಕೇಬಲ್ ಜಾರದಂತೆ ಹಿಡಿಯುವ ತುಂಡು), ಎಂ4 (4 ಮಿಮೀ) ಸ್ಕ್ರೂಗೆ ಸರಿಯಾದ ಉಂಗುರ ಲಗ್ (ಅರ್ಥ್ ತಂತಿಯ ತುದಿಗೆ ಒತ್ತುವ ಲೋಹದ ಉಂಗುರ), ಹಲ್ಲು ವಾಷರ್ ಎರಡು, ತಂತಿಯ ತುದಿಗೆ ತೊಡಿಸಿ ಒತ್ತುವ ಲೋಹದ ಕೊಳವೆಗಳಾದ 0.75ರ ಫೆರೂಲ್‌ಗಳು, ಮೂರು ತಂತಿಯ ಕನೆಕ್ಟರ್. ಮೂರು ತಂತಿಯ ಕೇಬಲ್ಲಿನ ಹೊರವ್ಯಾಸ 6ರಿಂದ 7 ಮಿಮೀ ಬರುತ್ತದೆ, ಎಂ10 ನಿಪ್ಪಲ್ಲಿನ (ಥ್ರೆಡ್ ಇರುವ ಸಣ್ಣ ಜೋಡಣೆ ಕೊಳವೆ) ಒಳತೂತು 7ರಿಂದ 8 ಮಿಮೀ. ಬಿಗಿ ಎನಿಸಿದರೆ ತೂತು ಕೊರೆದು ದೊಡ್ಡದು ಮಾಡುವ ಬದಲು ತೆಳ್ಳಗಿನ ಕೇಬಲ್ ಹುಡುಕಿ.

ಕೇಬಲ್ಲೇ ದೀಪದ ಭಾರ ಹೊರುವುದಾದರೆ ಒಂದು ಲೆಕ್ಕವಿದೆ. ಯುರೋಪಿನ ದೀಪಗಳ ಮಾನದಂಡ ಇಎನ್ 60598ರ ಪ್ರಕಾರ ತಾಮ್ರದ ಮೇಲೆ ಬೀಳುವ ಎಳೆತ ಚದರ ಮಿಮೀಗೆ 15 ನ್ಯೂಟನ್ ಮೀರುವಂತಿಲ್ಲ. 3×0.75 ಅಂದರೆ 2.25 ಚದರ ಮಿಮೀ, ಗುಣಿಸಿದರೆ 33.75 ನ್ಯೂಟನ್, ಹತ್ತಿರಹತ್ತಿರ 3.4 ಕೆಜಿ. ಎರಡೇ ತಂತಿಯ ಕೇಬಲ್ಲಾದರೆ 2.3 ಕೆಜಿ. ದೀಪವನ್ನು ಗಾಜಿನ ಸಮೇತ ತೂಗಿ ನೋಡಿ. ಮಿತಿ ಮೀರಿದರೆ ಭಾರಕ್ಕೆ ಬೇರೆ ಉಕ್ಕಿನ ತಂತಿ, ಸರಪಳಿ ಅಥವಾ ಕೊಳವೆ ಇರಲೇಬೇಕು, ಕೇಬಲ್ ಅದರ ಜತೆ ಸಡಿಲವಾಗಿ ಇಳಿಯಬೇಕು. 5 ಕೆಜಿ ದಾಟಿದ ದೀಪಕ್ಕೆ ಲೆಕ್ಕವೇ ಬೇಡ, ಕೇಬಲ್ಲಿನ ಮೇಲೆ ತೂಗುಹಾಕುವಂತಿಲ್ಲ.

ಈಗ ಜೋಡಣೆ. ಕೇಬಲ್ಲಿನ ಹೊರ ಹೊದಿಕೆಯನ್ನು 40 ಮಿಮೀ, ಒಳತಂತಿಗಳನ್ನು 8 ಮಿಮೀ ಸುಲಿಯಿರಿ. ಹಳದಿ-ಹಸಿರು ಅರ್ಥ್ ತಂತಿಯನ್ನು ಉಳಿದ ಎರಡಕ್ಕಿಂತ 15-20 ಮಿಮೀ ಉದ್ದ ಬಿಡಿ; ಕೇಬಲ್ ಎಂದಾದರೂ ಕಿತ್ತು ಬಂದರೆ ಅರ್ಥ್ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ತುದಿಗಳಿಗೆ ಫೆರೂಲ್ ಹಾಕಿ ಒತ್ತಿ. ಎಳೆಗಳನ್ನು ಬೆಸುಗೆಯಿಂದ ಗಟ್ಟಿಮಾಡುವ ರೂಢಿ ಕೆಲವರಿಗಿದೆ, ಅದು ಸ್ಕ್ರೂ ಟರ್ಮಿನಲ್ಲಿಗೆ ಹೊಂದುವುದಿಲ್ಲ: ತವರ ಒತ್ತಡದಲ್ಲಿ ನಿಧಾನಕ್ಕೆ ಹರಡುತ್ತದೆ, ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲಾಗಿ ಜಾಯಿಂಟ್ ಕಾಯತೊಡಗುತ್ತದೆ. ಕಂದು ತಂತಿ, ಅಂದರೆ ಫೇಸ್, ಹೋಲ್ಡರಿನ ತಳದ ನಡುವಿನ ಲೋಹದ ಪಟ್ಟಿಗೆ ಹೋಗಬೇಕು. ನೀಲಿ ನ್ಯೂಟ್ರಲ್ ಸುತ್ತಿನ ಥ್ರೆಡ್ಡಿಗೆ. ಅದಲುಬದಲಾದರೂ ಬಲ್ಬು ಉರಿಯುತ್ತದೆ, ಆದರೆ ಬಲ್ಬು ಬದಲಿಸುವಾಗ ಬೆರಳಿಗೆ ತಾಗುವ ಥ್ರೆಡ್ಡಿನಲ್ಲಿ ಕರೆಂಟು ಇರುತ್ತದೆ.

ಹಳೆಯ ದೀಪಗಳಲ್ಲಿ ಕೇಬಲ್ಲಿಗೆ ಒಳಗೆ ಗಂಟು ಹಾಕಿ ತಡೆ ಮಾಡಿರುತ್ತಾರೆ. ಅದನ್ನು ನಕಲು ಮಾಡಬೇಡಿ, ಕಾರ್ಡ್ ಗ್ರಿಪ್ ಹಾಕಿ. ಅದರ ಒತ್ತು ಸ್ಕ್ರೂ ನೈಲಾನಿನದಾಗಿರಲಿ, ಲೋಹದ ಸ್ಕ್ರೂ ಬಟ್ಟೆ ತೂರಿ ತಂತಿಯನ್ನೇ ಕಚ್ಚುತ್ತದೆ. ತಾಮ್ರದ ಕೊಳವೆ ಇರಲಿ, ಹಿತ್ತಾಳೆಯ ಕೊಳವೆ ಇರಲಿ, ಕತ್ತರಿಸಿದ ತುದಿ ಬ್ಲೇಡಿನಂತಿರುತ್ತದೆ. ದುಂಡು ಅರದಿಂದ ಒಳಅಂಚು ನಯಮಾಡಿ, ಎರಡೂ ತುದಿಗೆ ಪ್ಲಾಸ್ಟಿಕ್ ಬುಶ್ (ಚೂಪು ಅಂಚು ಮುಚ್ಚುವ ಬಳೆ) ಕೂರಿಸಿ.

ಐದಾರು ತೋಳಿನ ದೀಪವಾದರೆ ತೋಳಿನ ಕೊಳವೆಯೊಳಗೆ ಮೂರು ತಂತಿಯ ಕೇಬಲ್ ಹೋಗುವುದಿಲ್ಲ. ಅಲ್ಲಿ 0.5 ಅಥವಾ 0.75ರ ಬಿಡಿ ಸಿಲಿಕೋನ್ ತಂತಿ ಬಳಸಿ, ಅದು ಕಾವಿಗೆ ಜಗ್ಗುವುದಿಲ್ಲ. ಆದರೆ ಸಿಲಿಕೋನ್ ಹೊದಿಕೆ ಗೀರಿದರೆ ಸುಲಭವಾಗಿ ಹರಿಯುತ್ತದೆ, ಹಾಗಾಗಿ ಬುಶ್ ಬಿಡಲೇಬಾರದು. ಹಳೆಯ ತಂತಿಗೆ ಹೊಸದನ್ನು ಕಟ್ಟಿ ಎಳೆಯಲು ಹೋದರೆ ಅದು ಬಾಗಿನಲ್ಲಿ ತುಂಡಾಗುತ್ತದೆ. ಮೊದಲು ದಪ್ಪ ನೈಲಾನ್ ದಾರ ತೂರಿಸಿ, ಅದರಿಂದ ತಂತಿ ಎಳೆಯಿರಿ. ತೋಳುಗಳನ್ನು ಮಧ್ಯದ ಬಟ್ಟಲಿಗೆ ತಿರುಗಿಸಿ ಬಿಗಿಯುವಾಗ ಒಳಗಿನ ತಂತಿಯೂ ತಿರುಚಿಕೊಳ್ಳುತ್ತದೆ. ಎಷ್ಟು ಸುತ್ತು ಬಿಗಿಯಬೇಕೋ ಅಷ್ಟು ಸುತ್ತು ತಂತಿಯನ್ನು ಮೊದಲೇ ಉಲ್ಟಾ ತಿರುವಿ ಬಿಟ್ಟರೆ ಕೊನೆಗೆ ನೇರವಾಗಿ ನಿಲ್ಲುತ್ತದೆ. ಮಧ್ಯದ ಬಟ್ಟಲಿನಲ್ಲಿ ಎಲ್ಲ ತಂತಿ ಮತ್ತು ಕನೆಕ್ಟರ್ ಒತ್ತದೆ ಕೂರುತ್ತವೆಯೇ ಎಂದು ಕತ್ತರಿಸುವ ಮೊದಲೇ ಇಟ್ಟು ನೋಡಿ.

ರಾಟೆ ಮತ್ತು ಪ್ರತಿಭಾರ ಇರುವ ಏರಿಳಿಯುವ ದೀಪಗಳಲ್ಲಿ ಕೇಬಲ್ ಯಾವಾಗಲೂ ರಾಟೆಯ ಮೇಲೇ ಸೋಲುತ್ತದೆ. ಅದಕ್ಕೆ ಆದಷ್ಟು ಮೆತ್ತನೆಯ, ಸಣ್ಣ ಎಳೆಗಳ ಕೇಬಲ್ ಬೇಕು. ಹೊಸ ಕೇಬಲ್ಲಿನ ತೂಕ ಬೇರೆಯಾದರೆ ಪ್ರತಿಭಾರದೊಳಗಿನ ಸೀಸದ ಗುಂಡು ಕೂಡಿಸಿ ಕಳೆದು ಸಮತೂಕ ತರಬೇಕಾಗುತ್ತದೆ.

ಅರ್ಥಿಂಗ್, ಬಿಡುವಂತಿಲ್ಲದ ಮಾತು

ಈ ದೀಪಗಳಲ್ಲಿ ಬಹುಪಾಲಿಗೆ ಮೂಲದಲ್ಲಿ ಅರ್ಥ್ ಇರಲಿಲ್ಲ. ಕಾರಣ ಆ ದೇಶಗಳ ಹಳೆಯ ಮನೆಗಳಲ್ಲಿದೆ: ಒಣ ಮರದ ನೆಲದ ಕೋಣೆಗಳಿಗೆ ಅರ್ಥ್ ಬೇಡವೆಂದೇ ನಿಯಮವಿತ್ತು. ಸ್ವೀಡನ್ನಿನಲ್ಲಿ ಹೊಸ ಮನೆಗಳ ಎಲ್ಲ ಕೋಣೆಗಳಿಗೂ ಅರ್ಥ್ ಕಡ್ಡಾಯವಾದದ್ದು 1994ರಲ್ಲಿ. ಮೈಯೆಲ್ಲ ಲೋಹವಾದ, ಅರ್ಥ್ ಇಲ್ಲದ ದೀಪವನ್ನು ಇಂದು ಹಾಗೇ ಹಾಕುವುದು ತಪ್ಪು.

ಸೀಲಿಂಗ್ ಕಪ್ ಅಥವಾ ಮಧ್ಯದ ಬಟ್ಟಲಿನೊಳಗೆ, ಹೊರಗೆ ಕಾಣದ ಜಾಗದಲ್ಲಿ ಎಂ4 ಸ್ಕ್ರೂ ಹಾಕಿ. ಅದರ ಕೆಳಗೆ ಲ್ಯಾಕರ್ ಕೆರೆದು ಹೊಳೆಯುವ ಲೋಹ ತೋರುವಂತೆ ಮಾಡಿ; ಹಲ್ಲು ವಾಷರ್, ಉಂಗುರ ಲಗ್, ಇನ್ನೊಂದು ಹಲ್ಲು ವಾಷರ್, ನಟ್ ಈ ಕ್ರಮದಲ್ಲಿ ಬಿಗಿಯಿರಿ. ಆಮೇಲೆ ಮಲ್ಟಿಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗಿಸಿ ಅದರ ಸ್ವಂತ ಪ್ರತಿರೋಧ (0.2-0.3 ಓಮ್ ಇರುತ್ತದೆ) ಗುರುತು ಮಾಡಿಕೊಳ್ಳಿ. ಅರ್ಥ್ ತಂತಿಯ ತುದಿಯಿಂದ ದೀಪದ ಪ್ರತಿಯೊಂದು ಲೋಹದ ಭಾಗಕ್ಕೂ ಅಳೆದು, ಆ ಮೊತ್ತ ಕಳೆದ ಮೇಲೆ 0.5 ಓಮ್‌ಗಿಂತ ಕಡಿಮೆ ಬರಬೇಕು. ಲ್ಯಾಕರ್ ಹಚ್ಚಿದ ಥ್ರೆಡ್, ಸಡಿಲ ಕೀಲು, ಬಣ್ಣ ಬಳಿದ ಉಂಗುರ ಇವು ಹಾದಿ ಕಡಿಯುತ್ತವೆ. ಅಂಥ ಭಾಗಕ್ಕೆ ಬೇರೆಯೇ ತಂತಿ ಎಳೆಯಬೇಕು. ಸರಪಳಿಯನ್ನು ಅರ್ಥ್ ಹಾದಿ ಎಂದು ಎಂದೂ ಲೆಕ್ಕಿಸಬೇಡಿ, ಕೊಂಡಿಯಿಂದ ಕೊಂಡಿಗೆ ತಾಗು ಖಚಿತವಲ್ಲ.

ಕೊನೆಯ ಪರೀಕ್ಷೆ ಇನ್ಸುಲೇಷನ್ನಿನದು. ಬಲ್ಬು ತೆಗೆದು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಟ್ಟಿ, ಅವುಗಳಿಗೂ ದೀಪದ ಮೈಗೂ ನಡುವೆ 500 ವೋಲ್ಟ್ ಡಿಸಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. ಹೊಸ ವೈರಿಂಗ್ ನೂರಾರು ಮೆಗಾಓಮ್ ತೋರಿಸುತ್ತದೆ. 2ಕ್ಕಿಂತ ಕೆಳಗಿಳಿದರೆ ಎಲ್ಲೋ ತಂತಿ ಚುಚ್ಚಿಕೊಂಡಿದೆ ಅಥವಾ ತೊಳೆದ ನೀರು ಒಳಗೇ ಉಳಿದಿದೆ. ಮೆಗ್ಗರ್ ಇಲ್ಲದಿದ್ದರೆ ಈ ಹಂತಕ್ಕೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ, ಮಲ್ಟಿಮೀಟರಿನ ಸಣ್ಣ ವೋಲ್ಟೇಜ್ ಈ ದೋಷ ಹಿಡಿಯಲಾರದು.

ಹಿತ್ತಾಳೆಯ ಶುಚಿ

ಮೊದಲ ಹಂತ ಯಾವಾಗಲೂ ನೀರು. ವೈರಿಂಗ್ ಕಳಚಿದ ಬಿಡಿ ಲೋಹದ ಭಾಗಗಳನ್ನು 40 ಡಿಗ್ರಿ ಬಿಸಿಯ ಸೋಪು ನೀರಿನಲ್ಲಿ ಮೆತ್ತನೆಯ ಬ್ರಶ್ಶಿನಿಂದ ತೊಳೆಯಿರಿ. (ವೈರ್ ಹಾಕುವ ಮೊದಲೇ ಈ ಕೆಲಸ ಮುಗಿಸಬೇಕು, ಇಲ್ಲಿ ಕೊನೆಗೆ ಬರೆದಿರುವುದು ವಿಷಯ ದೊಡ್ಡದೆಂದು ಮಾತ್ರ.) ಕಂದು ಕೊಳೆ ಎಂದು ಕಾಣುವುದರಲ್ಲಿ ಹೆಚ್ಚಿನದು ಸಿಗರೇಟಿನ ಹೊಗೆ ಮತ್ತು ಅಡುಗೆಯ ಜಿಡ್ಡು. ಅದು ಹೋದ ಮೇಲೆ ಎಷ್ಟೋ ದೀಪಗಳಿಗೆ ಮತ್ತೇನೂ ಬೇಕಾಗುವುದಿಲ್ಲ. ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೆಗೆದು ಹೇರ್ ಡ್ರೈಯರಿನಿಂದ ಕೂಡಲೇ ಒಣಗಿಸಿ, ನೀರಿನ ಹನಿ ಒಣಗಿದ ಕಲೆ ಹಿತ್ತಾಳೆಯಲ್ಲಿ ಬೇಗ ಕೂರುತ್ತದೆ.

ಅಮೋನಿಯಾ ಇರುವ ಕ್ಲೀನರ್ ಮುಟ್ಟಬೇಡಿ. ಶೇಡ್‌ಗಳನ್ನು ಲೇತಿನಲ್ಲಿ ತಿರುಗಿಸಿ ಒತ್ತಿ ಆಕಾರ ಕೊಟ್ಟಿರುವುದರಿಂದ ಲೋಹದೊಳಗೆ ಬಿಗಿತ ಉಳಿದಿರುತ್ತದೆ. ಅಂಥ ಹಿತ್ತಾಳೆಗೆ ಅಮೋನಿಯಾ ತಾಗಿದರೆ ಅಂಚಿನಿಂದ ಕೂದಲೆಳೆಯ ಬಿರುಕು ಬಿಡುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟೆಗಳು ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇಟ್ಟಲ್ಲೇ ಸೀಳಿದ್ದು ಇದೇ ಕಾರಣಕ್ಕೆ. ಹುಳಿಯ ವಿಚಾರದಲ್ಲೂ ಎಚ್ಚರ ಬೇಕು. ವಿನಿಗರ್, ನಿಂಬೆ ಯಾವುದೇ ಇರಲಿ, ಹೆಚ್ಚು ಹೊತ್ತು ನೆನೆಹಾಕಿದರೆ ಹಿತ್ತಾಳೆಯ ಸತು ಕರಗಿ ಹೋಗಿ ತಾಮ್ರದ ಗುಲಾಬಿ ಮಚ್ಚೆ ಉಳಿಯುತ್ತದೆ. ಆ ಮಚ್ಚೆ ತೆಗೆಯಲು ಲೋಹವನ್ನೇ ಸವೆಸಬೇಕು. ಸ್ಟೀಲ್ ವುಲ್ ಗೀರುವುದಷ್ಟೇ ಅಲ್ಲ, ಅದರ ಕಬ್ಬಿಣದ ಪುಡಿ ಸಂದಿಯಲ್ಲಿ ಉಳಿದು ತುಕ್ಕು ಹಿಡಿಯುತ್ತದೆ.

ಮೂಲ ಲ್ಯಾಕರ್ ಬಹುತೇಕ ಚೆನ್ನಾಗಿದ್ದರೆ ಬಿಡಿ. ಅದು ಅಲ್ಲಲ್ಲಿ ಒಡೆದು, ಒಳಗೆ ಹುಳು ಹರಿದಂತೆ ಕಪ್ಪು ಗೆರೆಗಳು ಹಬ್ಬಿದ್ದರೆ ಮಾತ್ರ ತೆಗೆಯಬೇಕು, ಗೆರೆಗಳು ಲ್ಯಾಕರಿನ ಅಡಿಯಲ್ಲಿರುವುದರಿಂದ ಮೇಲಿನಿಂದ ಉಜ್ಜಿ ಪ್ರಯೋಜನವಿಲ್ಲ. ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅಸಿಟೋನಿಗೆ ಕರಗುತ್ತದೆ. ಬಟ್ಟೆ ಅದ್ದಿ ಮೇಲೆ ಹೊದಿಸಿ, ಆವಿಯಾಗದಂತೆ ಅಲ್ಯುಮಿನಿಯಂ ಫಾಯಿಲ್ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗಿ ಒರೆಸಿದಂತೆ ಬರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ, ಕಿಡಿ ಬೇಡ. ಸಾಮಾನ್ಯ ನೈಟ್ರೈಲ್ ಕೈಗವಸನ್ನು ಅಸಿಟೋನ್ ಬೇಗ ಮೆತ್ತಗೆ ಮಾಡುತ್ತದೆ, ಬ್ಯೂಟೈಲ್ ರಬ್ಬರಿನದು ಬೇಕು.

ಬರಿ ಲೋಹಕ್ಕೆ ಅತಿ ಸೌಮ್ಯವಾದದ್ದು ಪ್ರೆಸಿಪಿಟೇಟೆಡ್ ಚಾಕ್, ಅಂದರೆ ನುಣ್ಣನೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೀರಿನಲ್ಲಿ ಕಲಸಿದ ಪೇಸ್ಟ್. ಶೇಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ: ಲೇತಿನ ಉಪಕರಣ ಎಳೆದ ಕೂದಲೆಳೆಯಂಥ ವೃತ್ತಗಳು ಮೇಲಿಂದ ಕೆಳಗಿನವರೆಗೂ ಕಾಣುತ್ತವೆ. ಆ ವೃತ್ತದ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದರೆ ಪ್ರತಿ ಗೀರೂ ದೀಪ ಹೊತ್ತಿಸಿದಾಗ ಎದ್ದು ತೋರುತ್ತದೆ. ಯಂತ್ರದ ಬಫ್ ಈ ವೃತ್ತಗಳನ್ನೂ, ತೂತುಗಳ ಚೂಪು ಅಂಚನ್ನೂ, ಮುದ್ರೆಯನ್ನೂ ಒಂದೇ ಸಮ ಮಾಡಿಬಿಡುತ್ತದೆ. ಟುನೆಲ್ ದೀಪಕ್ಕೆ ಹೀಗೆ ಮಾಡಿದರೆ ಅದರ ಅರ್ಧ ಜೀವ ಹೋದಂತೆಯೇ. ತೂತುಗಳಿಗೆ ಪೇಸ್ಟ್ ಹೊಕ್ಕರೆ ಒಣಗುವ ಮೊದಲೇ ಬೆಚ್ಚಗಿನ ನೀರು ಮತ್ತು ಮರದ ಕಡ್ಡಿಯಿಂದ ತೆಗೆಯಿರಿ, ಒಣಗಿದ ಮೇಲೆ ಬಿಳಿ ಉಂಗುರವಾಗಿ ಉಳಿಯುತ್ತದೆ. ಹಸಿರು ಕಿಲುಬು ಗಟ್ಟಿಯಾಗಿ ಕೂತಿದ್ದರೆ ಅದನ್ನೂ ಮರದ ಕಡ್ಡಿಯಿಂದಲೇ ಎಬ್ಬಿಸಿ.

ಆಮೇಲೆ ರಕ್ಷಣೆಗೆ ಎರಡು ದಾರಿ. ಮೈಕ್ರೊಕ್ರಿಸ್ಟಲೈನ್ ಮೇಣ ತೆಳುವಾಗಿ ಹಚ್ಚಿ ಒರೆಸುವುದು ಒಂದು. ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು, ಬೇಡವೆನಿಸಿದರೆ ವೈಟ್ ಸ್ಪಿರಿಟ್ಟಿನಿಂದ ತೆಗೆಯಬಹುದು. ಇದೇ ಉತ್ತಮ. ಇನ್ನೊಂದು ಲ್ಯಾಕರ್, ತಾಮ್ರ-ಹಿತ್ತಾಳೆಗೆಂದೇ ಇರುವ ಇನ್‌ಕ್ರಾಲ್ಯಾಕ್ ಅಂಥದ್ದು. ಅದಕ್ಕೆ ಮುಂಚೆ ಅಸಿಟೋನಿನಿಂದ ಒರೆಸಿ, ನಂತರ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಗುರುತು ಆಗ ಕಾಣುವುದಿಲ್ಲ, ಕೆಲವು ವಾರದ ನಂತರ ಲ್ಯಾಕರಿನ ಅಡಿಯಲ್ಲಿ ಕಂದಾಗಿ ಮೂಡುತ್ತದೆ. 20-25 ಡಿಗ್ರಿಯ ಒಣಹವೆಯಲ್ಲಿ ಎರಡು-ಮೂರು ತೆಳು ಪದರ ಸಿಂಪಡಿಸಿ. ತೇವ ಹೆಚ್ಚಿದ್ದರೆ ಪದರ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ.

ಓಪಲ್ (ಹಾಲುಬಣ್ಣದ) ಗಾಜಿನ ಶೇಡ್ ಇದ್ದರೆ ಸೋಪು ನೀರು ಸಾಕು. ಅದನ್ನು ಹಿಡಿಯುವ ಮೂರು ಸ್ಕ್ರೂಗಳನ್ನು ತಾಗುವವರೆಗೆ ತಿರುಗಿಸಿ ಕಾಲು ಸುತ್ತು ಹಿಂದೆ ಬಿಡಿ. ಕಾವಿಗೆ ಹಿತ್ತಾಳೆ, ಗಾಜು ಒಂದೇ ಸಮ ಹಿಗ್ಗುವುದಿಲ್ಲ, ಜಾಗ ಬಿಡದಿದ್ದರೆ ಅಂಚು ಸೀಳುತ್ತದೆ.

ಬಲ್ಬಿನ ಆಯ್ಕೆ

ಮೂಲ ಮಿತಿ 60 ವ್ಯಾಟ್ ಎಂದಿದ್ದರೂ ಅಷ್ಟು ಕಾವು ಮತ್ತೆ ಕೊಡಬೇಕಿಲ್ಲ. 7-8 ವ್ಯಾಟಿನ ಎಲ್‌ಇಡಿ ಸುಮಾರು 800 ಲ್ಯೂಮೆನ್ ಕೊಡುತ್ತದೆ. 2700 ಕೆಲ್ವಿನ್ (ಬೆಚ್ಚಗಿನ ಹಳದಿ ಬೆಳಕು), ಬಣ್ಣ ಸೂಚ್ಯಂಕ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 90ರ ಮೇಲಿರಲಿ. ತಣ್ಣನೆಯ ಬಿಳಿಯಲ್ಲಿ ಹಿತ್ತಾಳೆ ಹಸಿರು ಬಡಿದಂತೆ ಕಾಣುತ್ತದೆ. ಪೂರ್ತಿ ಮುಚ್ಚಿದ ಗಾಜಿನೊಳಗೆ ಹಾಕುವುದಾದರೆ ಮುಚ್ಚಿದ ದೀಪಕ್ಕೆ ಆಗುತ್ತದೆ ಎಂದು ಪ್ಯಾಕಿನ ಮೇಲೆ ಬರೆದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಒಳಗಿನ ಡ್ರೈವರ್ (ಕರೆಂಟು ಹೊಂದಿಸುವ ಸರ್ಕ್ಯೂಟ್) ಕಾದು ಬೇಗ ಸಾಯುತ್ತದೆ.

ತೂತಿನ ಶೇಡ್‌ಗಳಿಗೆ ಬಲ್ಬು ನಿರ್ಣಾಯಕ. ಬೆಳಕಿನ ಮೂಲ ಚಿಕ್ಕದಾದಷ್ಟೂ ಗೋಡೆ-ಸೀಲಿಂಗಿನ ಮೇಲೆ ಬೀಳುವ ಚುಕ್ಕಿಗಳು ಚೂಪು. ಹಾಲುಬಣ್ಣದ ಬಲ್ಬು ಹಾಕಿದರೆ ಚುಕ್ಕಿಗಳು ಕರಗಿ ಮಂಕು ಮೋಡವಾಗುತ್ತವೆ. ನಾಲ್ಕು ಉದ್ದ ಫಿಲಮೆಂಟಿನ ಪಾರದರ್ಶಕ ಎಲ್‌ಇಡಿ ಹಾಕಿದರೆ ಒಂದೊಂದು ಚುಕ್ಕಿಯೂ ನಾಲ್ಕು ಗೀರಾಗಿ ಒಡೆಯುತ್ತದೆ. ಚಿಕ್ಕ ಗಾತ್ರದ, ಒಂದೇ ಗುಚ್ಛವಾಗಿ ಬೆಳಗುವ ಪಾರದರ್ಶಕ ಬಲ್ಬು ಹುಡುಕಿ. ಪಿಎಚ್ ದೀಪಗಳ ಕಥೆ ಬೇರೆ: ಅಲ್ಲಿ ಶೇಡಿನ ವಕ್ರರೇಖೆಗೆ ಒಂದು ನಿಶ್ಚಿತ ಬೆಳಕಿನ ಕೇಂದ್ರವಿದೆ. ಬಲ್ಬು ಒಂದೆರಡು ಸೆಂಟಿಮೀಟರ್ ಮೇಲೆ-ಕೆಳಗೆ ಆದರೂ ಕಣ್ಣಿಗೆ ಕುಕ್ಕುತ್ತದೆ. ಹೋಲ್ಡರಿನ ಎತ್ತರ ಬದಲಿಸಲು ಬರುವ ಮಾದರಿಗಳಲ್ಲಿ, ಊಟದ ಮೇಜಿನ ಬಳಿ ಕೂತವರ ಕಣ್ಣಿಗೆ ಬಲ್ಬು ನೇರವಾಗಿ ಕಾಣದ ಜಾಗ ಸಿಗುವವರೆಗೆ ಸರಿಸಿ ಬಿಗಿಯಿರಿ.

ತೂಗುಹಾಕುವುದು

ಮೇಲೆ ಹೇಳಿದ ಇಎನ್ 60598 ಮಾನದಂಡದ ಪರೀಕ್ಷೆಯಲ್ಲಿ ದೀಪದ ತೂಗುವ ಭಾಗಗಳಿಗೆ ಅದರ ತೂಕದ ನಾಲ್ಕು ಪಟ್ಟು ಭಾರವನ್ನು ಒಂದು ಗಂಟೆ ಹಾಕುತ್ತಾರೆ. ಕೊಕ್ಕೆಗೂ ಅದೇ ಅಳತೆ ಹಿಡಿಯಿರಿ: 4 ಕೆಜಿ ದೀಪವಾದರೆ 16 ಕೆಜಿಯ ಮರಳು ಚೀಲ ಒಂದು ಗಂಟೆ ತೂಗಲಿ, ಕೊಕ್ಕೆ ಕದಲಬಾರದು. ಪ್ಲಾಸ್ಟರ್ ಬೋರ್ಡಿನ ಸೀಲಿಂಗಾದರೆ ಕೊಕ್ಕೆ ಹಿಂದಿನ ಮರದ ತೊಲೆಗೇ ಹೋಗಬೇಕು.

ನಾರ್ಡಿಕ್ ದೇಶಗಳಲ್ಲಿ ದೀಪವನ್ನು ಸೀಲಿಂಗಿನ ಸಾಕೆಟ್ಟಿಗೆ ಪ್ಲಗ್ ಮೂಲಕ ಸೇರಿಸುವುದು ರೂಢಿ. ಈಗಿನ ಡಿಸಿಎಲ್ (ದೀಪಗಳಿಗೆಂದೇ ಇರುವ ಯುರೋಪಿನ ಪ್ಲಗ್ ಮಾದರಿ) ಸಾಕೆಟ್ಟಿನ ಮಿತಿ 6 ಆಂಪಿಯರ್, ಮನೆಯ ದೀಪಕ್ಕೆ ಅದು ಧಾರಾಳ. ಸ್ವೀಡನ್ನಿನಲ್ಲಿ ಪ್ಲಗ್ ಸೇರಿಸಿ ದೀಪ ಹಾಕುವುದು ಮನೆಯವರೇ ಮಾಡಬಹುದಾದ ಕೆಲಸ, ಗೋಡೆ-ಸೀಲಿಂಗಿನ ಸ್ಥಿರ ವೈರಿಂಗ್ ಮುಟ್ಟುವುದು ನೋಂದಾಯಿತ ಎಲೆಕ್ಟ್ರಿಕ್ ಸಂಸ್ಥೆಯ ಕೆಲಸ. ಹಳೆಯ ಮನೆಗಳಲ್ಲಿ ಬಣ್ಣ ನಂಬಿ ತಂತಿ ಸೇರಿಸಬೇಡಿ: ಅಲ್ಲಿನ ಹಳೆಯ ವೈರಿಂಗ್‌ನಲ್ಲಿ ಕೆಂಪು ತಂತಿ ಅರ್ಥ್ ಆಗಿರುವುದುಂಟು. ಎರಡು ಮೊನೆಯ ವೋಲ್ಟೇಜ್ ಟೆಸ್ಟರಿನಿಂದ ಪ್ರತಿ ತಂತಿಯನ್ನೂ ಪರೀಕ್ಷಿಸಿ, ಫ್ಯೂಸ್ ತೆಗೆದು, ಮತ್ತೊಮ್ಮೆ ಪರೀಕ್ಷಿಸಿ ಆಮೇಲೆ ಕೈಹಾಕಿ. ಸೀಲಿಂಗಿನಲ್ಲಿ ಅರ್ಥ್ ಇಲ್ಲದಿದ್ದರೆ ದೀಪದ ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೆ ಕಟ್ಟುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ ಇಡೀ ಹಿತ್ತಾಳೆಗೆ ಕರೆಂಟು ಬರುತ್ತದೆ. ಅರ್ಥ್ ತಂತಿ ಎಳೆಸುವವರೆಗೆ ದೀಪ ಕಾಯಲಿ.

ಊಟದ ಮೇಜಿನ ಮೇಲಾದರೆ ಶೇಡಿನ ಕೆಳಅಂಚು ಮೇಜಿನಿಂದ 60 ಸೆಂಮೀ ಸುತ್ತಮುತ್ತ, ಜನ ಓಡಾಡುವ ಜಾಗದಲ್ಲಾದರೆ ನೆಲದಿಂದ 2.1 ಮೀಟರಿಗಿಂತ ಮೇಲೆ ಇರಲಿ. ಕೇಬಲ್ ಕತ್ತರಿಸುವ ಮೊದಲು ಅದನ್ನು ಮಡಚಿ ಟೇಪ್ ಸುತ್ತಿ ಒಂದೆರಡು ಸಂಜೆ ಆ ಎತ್ತರದಲ್ಲಿ ಉರಿಸಿ ನೋಡಿ. ಮೊದಲ ದಿನ ಒಂದು ಗಂಟೆ ಉರಿದ ಮೇಲೆ ಕರೆಂಟು ತೆಗೆದು ಹೋಲ್ಡರಿನ ಕವಚ, ಕನೆಕ್ಟರ್ ಇರುವ ಬಟ್ಟಲು ಎರಡನ್ನೂ ಮುಟ್ಟಿ ನೋಡಿ. ಎಲ್‌ಇಡಿ ಇರುವಾಗ ಬಟ್ಟಲು ಹೆಚ್ಚೆಂದರೆ ಉಗುರುಬೆಚ್ಚಗಿರಬೇಕು. ಅದಕ್ಕಿಂತ ಬಿಸಿಯೆನಿಸಿದರೆ ಯಾವುದೋ ಟರ್ಮಿನಲ್ ಸಡಿಲವಿದೆ, ಇಳಿಸಿ ಬಿಗಿಯಿರಿ. ಸರಿಯಾಗಿದ್ದರೂ ಒಂದು ತಿಂಗಳ ನಂತರ ಕೊಕ್ಕೆ, ಕಾರ್ಡ್ ಗ್ರಿಪ್, ಗಾಜಿನ ಮೂರು ಸ್ಕ್ರೂ ಇಷ್ಟನ್ನು ಮತ್ತೊಮ್ಮೆ ನೋಡಿ.